ಜಡೆ ಮಫ್ಲರಿನ ಸೆಲ್ವಿ ಟೀಚರ್

ಸೆಲ್ವಿ ಟೀಚರ್ ಬೈಯುವಾಗ ಅವರ ಬಾಯಲ್ಲಿ ಒಂದು ಸೈಕಲ್ ಕಡ್ಡಿ ಇರುತ್ತಿತ್ತು. ಗೇಣುದ್ದದ್ದು, ಎರಡೂ ತುದಿ ಉಜ್ಜಿ ನುಣುಪು ಮಾಡಿದ್ದು. ಮಫ್ಲರಿನಲ್ಲಿ ಜಡೆ ಡಿಸೈನ್ ಹೆಣೆಯುವವರಿಗೆ ಎರಡು ಉದ್ದ ಕಡ್ಡಿಗಳ ಜೊತೆಗೆ ಇಂಥದೊಂದು ಗಿಡ್ಡ ಕಡ್ಡಿ ಬೇಕು. ಅದಕ್ಕೆ ಕೆಲಸವಿಲ್ಲದಾಗ ಟೀಚರ್ ಹಲ್ಲಲ್ಲಿ ಕಚ್ಚಿಕೊಂಡು, ತುಟಿ ಅಲುಗಿಸದೆಯೇ ಇಡೀ ಬೀದಿಯನ್ನು ವಿಚಾರಿಸಿಕೊಳ್ಳುತ್ತಿದ್ದರು. ತರಕಾರಿ ಗಾಡಿಯವನು ಅವರ ಮನೆ ಮುಂದೆ ಮಾತ್ರ ತಕ್ಕಡಿ ಸರಿಯಾಗಿ ಹಿಡಿಯುತ್ತಿದ್ದ. ನನಗಂತೂ ಅವರು ಎಲ್ಲಿ ಆ ಕಡ್ಡಿಯನ್ನು ನುಂಗಿಬಿಡುತ್ತಾರೋ ಎಂಬ ಭಯ.

ಭಯ ನನಗೆ ಹುಟ್ಟಿನಿಂದ ಬಂದದ್ದು. ಗುಡುಗು, ನಾಯಿ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಎಲ್ಲಕ್ಕೂ ನಾನು ಹೆದರುತ್ತೇನೆ. ಭದ್ರಾವತಿಯ ನ್ಯೂ ಟೌನಿನಲ್ಲಿ ನಮಗೂ ಟೀಚರಿಗೂ ಒಂದೇ ಗೋಡೆ. ಅವರ ಯಜಮಾನರು ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಶಾಲೆಯಲ್ಲಿ ಕ್ರಾಫ್ಟ್ ಕಲಿಸಿ ನಿವೃತ್ತರಾಗಿದ್ದರು. ಅವರಿಗೆ ಲೆಕ್ಕಕ್ಕೆ ತಮಿಳು, ಸಿಟ್ಟಿಗೆ ಕನ್ನಡ. "ಒಣ್ಣು, ರೆಂಡು" ಎಂದು ಕುಣಿಕೆ ಎಣಿಸುತ್ತಿದ್ದವರು ನಡುವೆ ಗೋಡೆಯಾಚೆಯಿಂದ ಕೂಗುತ್ತಿದ್ದರು: "ಏನೇ ಮಾರಾಯ್ತಿ, ಹಾಲು ಸೀದ ವಾಸನೆ ನನ್ನ ಮನೆ ತನಕ ಬಂತು, ನಿನ್ನ ಮೂಗೇನು ಅಡ ಇಟ್ಟಿದೀಯ?"

ಒಂದು ಚಳಿಗಾಲ ಅವರ ಕಣ್ಣು ನನ್ನ ಗಂಟಲಿನ ಮೇಲೆ ಬಿತ್ತು. ನನ್ನ ಕೆಲಸ ಶಂಕರಘಟ್ಟದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. "ಬಸ್ಸಿನ ಕಿಟಕಿ ಗಾಳಿ ಕುಡ್ದು ಕುಡ್ದು ದನಿ ಹೆಂಗಾಗಿದೆ ನೋಡು. ಒಂದು ಮಫ್ಲರ್ ಹಾಕೋಣ. ನೀನೂ ಕೈ ಹಾಕು, ಕಲ್ತಂಗಾಗುತ್ತೆ" ಎಂದು ಬೂದು ಬಣ್ಣದ ಉಲ್ಲನ್ ತರಿಸಿದರು.

ಜಡೆ ಹಾಕುವುದೆಂದರೆ ಸಾಲಿನ ನಡುವೆ ಮೂರು ಕುಣಿಕೆಗಳನ್ನು ಗಿಡ್ಡ ಕಡ್ಡಿಗೆ ದಾಟಿಸಿ, ಮುಂದೆ ತೂಗಲು ಬಿಟ್ಟು, ಪಕ್ಕದ ಮೂರನ್ನು ಮೊದಲು ಹೆಣೆದುಕೊಳ್ಳಬೇಕು. ಆಮೇಲೆ ತೂಗುತ್ತಿರುವ ಮೂರರ ಸರದಿ. ಆಗ ಒಂದರ ಮೇಲೊಂದು ಹಾದು ಜಡೆ ಉಬ್ಬಿ ನಿಲ್ಲುತ್ತದೆ. ಅವು ತೂಗುವಷ್ಟು ಹೊತ್ತೂ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು. ಒಂದು ಜಾರಿದರೆ ಕೆಳಗಿನ ತನಕ ಬಿಚ್ಚಿಕೊಳ್ಳುತ್ತದಲ್ಲ! ನಾನು ಹಾಕಿದ ಸಾಲುಗಳೊಳಗೆ ಕಡ್ಡಿಯೇ ಹೋಗುತ್ತಿರಲಿಲ್ಲ. "ಹೆದರ್ಕೊಂಡು ದಾರ ಎಳೀತೀಯ, ಅದಕ್ಕೇ ಬಿಗಿ. ನಿನ್ನ ಪುಕ್ಕಲುತನ ಎಲ್ಲಾ ಇಲ್ಲಿ ಕೂತಿದೆ ನೋಡು" ಎಂದು ಟೀಚರ್ ನನ್ನ ಸಂಜೆಯ ದುಡಿಮೆಯನ್ನು ಒಂದೇ ಎಳೆತಕ್ಕೆ ಬಿಚ್ಚಿ ಹಾಕುತ್ತಿದ್ದರು.

ಒಂದು ಭಾನುವಾರ ಅರೆಬರೆ ಮಫ್ಲರನ್ನು ಅಳತೆ ನೋಡಲು ನನ್ನ ಕುತ್ತಿಗೆಗೆ ಸುತ್ತಿದರು. ಸುತ್ತುತ್ತಿದ್ದ ಕೈ ನಿಂತಿತು. ಬಾಯಿಯ ಕಡ್ಡಿ ತೆಗೆದು ಪಕ್ಕಕ್ಕಿಟ್ಟರು.

"ಉಗುಳು ನುಂಗು."

ನುಂಗಿದೆ.

"ಇನ್ನೊಂದ್ಸಲ."

ಅವರ ಬೆರಳಿನ ಕೆಳಗೆ ಏನೋ ಮೇಲೇರಿ ಕೆಳಗಿಳಿಯಿತು. ನನಗೂ ಗೊತ್ತಾಯಿತು. ಗೋಲಿ ಗಾತ್ರದ ಗಂಟು.

ಹಬ್ಬ ಮುಗಿಯಲಿ ಟೀಚರ್, ಆಮೇಲೆ ತೋರಿಸೋಣ ಎಂದೆ. "ಗಂಟಿಗೆ ಕ್ಯಾಲೆಂಡರ್ ಗೊತ್ತಿಲ್ಲ ಕಣೇ. ನಾಳೆ ಬೆಳಿಗ್ಗೆ ರೆಡಿ ಇರು." ನಮ್ಮ ಯಜಮಾನರು ಸೂಜಿ ಕಂಡರೆ ತಲೆ ತಿರುಗಿ ಬೀಳುವವರು. ಹಾಗಾಗಿ ಟೀಚರೇ ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಾಕ್ಟರ ಮುಂದೆ ಕೂರಿಸಿದರು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೂ ಖಚಿತವಾಗಲಿಲ್ಲ. ಗಂಟು ತೆಗೆದೇ ನೋಡಬೇಕು ಎಂದರು.

ಸಾವಿನ ಭಯ ಎಂದರೇನೆಂದು ಆ ದಿನಗಳಲ್ಲಿ ತಿಳಿಯಿತು. ಗುಟುಕು ನೀರು ಕುಡಿದರೂ ಗಂಟು ಮೇಲೆ ಹೋಗಿ ಬರುವುದೇ ನೆನಪಾಗುತ್ತಿತ್ತು. ಬೀರು ತೆಗೆದರೆ, ಈ ಸೀರೆಗಳನ್ನೆಲ್ಲ ಇನ್ನು ಯಾರು ಉಡುತ್ತಾರೆ ಎನ್ನಿಸಿ ಅಲ್ಲೇ ಕುಸಿದು ಕೂರುತ್ತಿದ್ದೆ.

ಆಪರೇಷನ್ನಿನ ದಿನ ಟೀಚರ್ ಉಲ್ಲನ್ ಚೀಲದ ಸಮೇತ ಬಂದರು. "ನಾನು ಇಲ್ಲೇ ಬಾಗಿಲಲ್ಲೇ ಕೂತಿರ್ತೀನಿ. ನೀನು ಬರೋಷ್ಟ್ರಲ್ಲಿ ಮಫ್ಲರ್ ಮುಗ್ಸಿರ್ತೀನಿ. ಹೋಗು, ಒಳಗೆ ಹೆದರಿ ಡಾಕ್ಟರ ಕೈ ಹಿಡ್ಕೊಂಡ್ಬಿಟ್ಟೀಯ!" ಅವರ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಇಂಥ ಗುಂಡಿಗೆ ದೇವರು ನನಗೇಕೆ ಕೊಡಲಿಲ್ಲ ಎಂದುಕೊಳ್ಳುತ್ತಲೇ ಒಳಗೆ ಹೋದೆ.

ಗಂಟು ಕೆಟ್ಟದ್ದಲ್ಲ ಎಂದು ರಿಪೋರ್ಟ್ ಬಂತು. ನನಗೆ ಅಳು ಬಂತು, ಯಜಮಾನರೂ ಅತ್ತರು. ಮನೆಗೆ ಬಂದ ಮೇಲೆ ಮಫ್ಲರನ್ನು ಹಾಸಿಗೆಯ ಮೇಲೆ ಹರಡಿದೆ. ಮುಕ್ಕಾಲು ಪಾಲು ಮೆತ್ತಗೆ, ಬೆಕ್ಕಿನ ಮೈ ಸವರಿದಂತಿತ್ತು. ಕೊನೆಯ ಮೊಳದಲ್ಲಿ ಮಾತ್ರ ಅಗಲ ಕಿರಿದಾಗಿ, ಜಡೆಗಳು ನೀರು ಸೇದುವ ಹಗ್ಗದಷ್ಟು ಗಟ್ಟಿಯಾಗಿದ್ದವು.

"ಟೀಚರ್, ಇದು ನೀವು ಹಾಕಿದ್ದಾ?"

"ಆಸ್ಪತ್ರೆ ಎಸಿ ಮಾರಾಯ್ತಿ, ಕೈ ಮರಗಟ್ಟಿತ್ತು" ಎಂದು ಮುಖ ತಿರುಗಿಸಿದರು. ಆ ಕಾರಿಡಾರಿನಲ್ಲಿ ಎಸಿ ಹಾಳಾಗಲಿ, ಫ್ಯಾನೂ ತಿರುಗುತ್ತಿರಲಿಲ್ಲ ಎಂದು ನಮ್ಮ ಯಜಮಾನರು ಆಮೇಲೆ ಹೇಳಿದರು. ನನಗೆ ಮೊದಲ ಸಲ ಟೀಚರ್ ಮೇಲೆ ಮುದ್ದು ಬಂತು.

ಮುಂದಿನ ವರ್ಷ ಟೀಚರ್ ಇಳಿದುಹೋದರು. ಗೋಡೆಯಾಚೆಯ ಕೂಗು ಕಡಿಮೆಯಾಯಿತು. ಕೇಳಿದರೆ "ವಯಸ್ಸಾಯ್ತಲ್ಲೇ, ಇನ್ನೇನು ದಪ್ಪ ಆಗ್ತೀನಾ?" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಲೆ ಸುತ್ತಿ ಬಿದ್ದರು. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಎದೆಯ ಪಕ್ಕದಲ್ಲಿ ಕೈಗೆ ಕಲ್ಲಿನಂಥದ್ದು ಸಿಕ್ಕಿತು. ಅವರು ನನ್ನ ಕೈಯನ್ನು ಕಿತ್ತು ಹಾಕಿದರು. ಆ ಕ್ಷಣದ ಅವರ ಕಣ್ಣುಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಅಷ್ಟರಲ್ಲಿ ಅದು ಮೈಯೆಲ್ಲ ಹರಡಿಯಾಗಿತ್ತು. ಆಸ್ಪತ್ರೆಯಿಂದ ಮನೆಗೇ ಕಳಿಸಿದರು.

ಕೊನೆಗೆ ಮಾತಾಡಿದ ದಿನ ಗಂಜಿ ಕುಡಿಸಲು ಹೋಗಿದ್ದೆ. ಸಂಕಟ, ಸಿಟ್ಟು ಎರಡೂ ಒಟ್ಟಿಗೆ ಬಂದವು. "ನನ್ನನ್ನ ಮಾರನೇ ದಿನಾನೇ ಎಳ್ಕೊಂಡು ಹೋದ್ರಲ್ಲ ಟೀಚರ್. ನಿಮ್ಮದು ಆಗಲೇ ಇತ್ತಾ?"

"ಇತ್ತು" ಎಂದರು.

"ಮತ್ತೆ ಯಾಕೆ ತೋರಿಸ್ಲಿಲ್ಲ?"

"ಭಯ ಆಗ್ತಿತ್ತು ಕಣೇ" ಎಂದರು. "ನಿನಗಾದ್ರೆ ಎಳ್ಕೊಂಡು ಹೋಗೋಕೆ ನಾನಿದ್ದೆ."

ನಾನಿರಲಿಲ್ವಾ ಟೀಚರ್, ಎನ್ನಲು ಬಾಯಿ ತೆರೆದೆ. ಗಂಜಿಯ ಲೋಟ ನನ್ನ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಅವರು ಅದನ್ನು ನೋಡಿದರು. ಕಷ್ಟಪಟ್ಟು ಕೈಯೆತ್ತಿ ಲೋಟ ಇಸಿದುಕೊಂಡು ಕೆಳಗಿಟ್ಟರು.

"ಏನೂ ಆಗಲ್ಲ ಕಣೇ" ಎಂದು ನನ್ನ ಬೆನ್ನು ಸವರಿದರು. "ನೀನು ಹೆದರ್ಬೇಡ."