ನೀರು ಹೊಯ್ಯದೆ ಕೊಟ್ಟ ರೇಡಿಯೇಟರು

ಪಾಣೆಮಂಗಳೂರಿನ ಪೇಟೆಯ ಕೊನೆಯಲ್ಲಿ, ಹೊಳೆಗೆ ಇಳಿಯುವ ದಾರಿಯ ಬದಿಗೆ ಅಬ್ದುಲ್ ರವೂಫನ ಅಂಗಡಿಯಿತ್ತು. ಅದಕ್ಕೆ ಬೋರ್ಡು ಇರಲಿಲ್ಲ; ಎದುರಿನ ಸಿಮೆಂಟಿನ ತೊಟ್ಟಿಯೇ ಗುರುತು. ಕಾರು, ಜೀಪುಗಳ ಎಂಜಿನ್ನಿನ ನೀರು ತಣಿಸುವ ರೇಡಿಯೇಟರನ್ನು ಆ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಹುಡುಕಿ ಬೆಸುಗೆ ಹಾಕುವುದು ಅವನ ಕಸುಬು. ತಂದೆಯಿಂದ ಬಂದ ಅಂಗಡಿ. ಹಿಂದಿನ ಕೋಣೆಯಲ್ಲಿ ಅವನೂ ಅವನ ತಾಯಿ ಅವ್ವಮ್ಮನೂ ವಾಸವಾಗಿದ್ದರು.

ನಾನು ಅಲ್ಲಿಯ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ; ರವೂಫ್ ನನ್ನ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿದ್ದಾಗ ಒಮ್ಮೆ ಶಾಲೆಯ ಕುಡಿಯುವ ನೀರಿನ ಹಂಡೆ ಸೋರತೊಡಗಿತು. ಅವನು ಅಂಗಿಯೆಲ್ಲ ಒದ್ದೆ ಮಾಡಿಕೊಂಡು, ಕಣ್ಣಿಗೆ ಕಾಣದ ತೂತನ್ನು ಬೆರಳ ತುದಿಯಿಂದಲೇ ಹುಡುಕಿ ತೆಗೆದ. ಪಾಠ ಬಿಟ್ಟು ನೀರಲ್ಲಿ ಆಡುತ್ತಿದ್ದಾನೆಂದು ನಾನು ಅವನ ಕಿವಿ ಹಿಂಡಿದ್ದೆ. ಅಂದೂ ಅವನು ಎದುರು ಮಾತನಾಡಿರಲಿಲ್ಲ.

ಆಮೇಲೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಅಲ್ಲಿ ನನ್ನ ನೆರೆಮನೆಯವನು ಕುಶಾಲಪ್ಪ, ಬಾಡಿಗೆ ಕಾರಿನ ಮಾಲಿಕ. ತನ್ನ ಹಳೆಯ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದ್ದ. ಎಂಜಿನ್ ಹೊಸದಾಯಿತು, ರೇಡಿಯೇಟರು ಹಳೆಯದೇ ಉಳಿಯಿತು. ಸಣ್ಣ ಏರು ಹತ್ತಿದರೂ ನೀರು ಕುದಿಯುತ್ತಿತ್ತು. ಸೋರುವುದು ನಿಲ್ಲಲೆಂದು ಅದರೊಳಗೆ ಅರಸಿನ ಪುಡಿ ಸುರಿದು ದಿನ ದೂಡುತ್ತಿದ್ದ.

1981ರ ಏಪ್ರಿಲ್ ತಿಂಗಳ ಒಂದು ಶನಿವಾರ, ಶಾಲೆ ಬಿಡುವ ಹೊತ್ತಿಗೆ ಅವನು ಗೇಟಿನ ಬಳಿ ಕಾರು ನಿಲ್ಲಿಸಿ ಕಾದಿದ್ದ.

"ಮಾಷ್ಟ್ರೇ, ನಾಳೆ ಮದುಮಗನನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಲಿಕ್ಕುಂಟು. ಇವತ್ತೇ ಬೇರೆ ರೇಡಿಯೇಟರು ಆಗ್ಬೇಕು. ನೀವು ವಿಜ್ಞಾನ ಕಲಿಸುವವರು, ಜೊತೆಗೆ ಬನ್ನಿ."

"ನನಗೆ ಕಾರಿನ ವಿಷಯ ಏನು ಗೊತ್ತು ಮಾರಾಯ?"

"ನನಗಿಂತ ಹೆಚ್ಚು ಗೊತ್ತುಂಟಲ್ಲ. ಹೋಗುವ."

ಆ ಮಾತಿಗೆ ನಾನು ಉಬ್ಬಿದೆ. ಸಂಜೆ ಐದಕ್ಕೆ ಪೋಷಕರ ಸಭೆಯಿದ್ದರೂ ಅವನ ಜೊತೆ ಪಾಣೆಮಂಗಳೂರಿಗೆ ಹೊರಟುಬಿಟ್ಟೆ.

ರವೂಫ್ ನಮ್ಮ ಮುಂದೆ ಮಾರಲಿಕ್ಕಿದ್ದ ಎರಡು ಹಳೆಯ ರೇಡಿಯೇಟರುಗಳನ್ನು ತಂದಿಟ್ಟ. ಒಂದು ದಪ್ಪದ್ದು, ಮೂಲೆ ಜಜ್ಜಿದ್ದು; ನೋಡಲು ಚೆಂದವಿಲ್ಲ. ಇನ್ನೊಂದು ತೆಳ್ಳಗೆ, ಕಪ್ಪು ಬಣ್ಣದಿಂದ ಮಿರುಗುತ್ತಿತ್ತು.

"ಈ ಬಣ್ಣದ್ದು ನಿನ್ನೆಯಷ್ಟೇ ಬಂದದ್ದು, ಒಳಗೆ ಹೇಗುಂಟೋ ಗೊತ್ತಿಲ್ಲ" ಎಂದ ರವೂಫ್. "ಡೀಸೆಲಿಗೆ ದಪ್ಪದ್ದೇ ಬೇಕಾದೀತು ಅಂತ ಕಾಣ್ತದೆ. ಎರಡಕ್ಕೂ ನೀರು ಹೊಯ್ದು ನೋಡುವ."

ಅದು ಅವನ ಕ್ರಮ. ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ತುಂಬ ನೀರು ಹೊಯ್ದು, ಫಕ್ಕನೆ ಕೈ ತೆಗೆಯುವನು. ನೀರು ಧೋ ಎಂದು ಬಿದ್ದರೆ ಒಳಗಿನ ನಳಿಗೆಗಳು ಚೊಕ್ಕ. ನಿಧಾನವಾಗಿ ಇಳಿದರೆ ಕಿಲುಬು ಕಟ್ಟಿದೆ ಎಂದು ಅರ್ಥ. ಈ ಪರೀಕ್ಷೆಯಾಗದೆ ಅವನ ಅಂಗಡಿಯಿಂದ ಯಾವ ರೇಡಿಯೇಟರೂ ಹೊರಗೆ ಹೋದದ್ದಿಲ್ಲ.

ನಾನು ಗಡಿಯಾರ ನೋಡಿದೆ. ಮೂರೂವರೆ. ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ: "ತೆಳ್ಳಗಿದ್ದಷ್ಟೂ ಗಾಳಿ ಸಲೀಸಾಗಿ ದಾಟುತ್ತದೆ, ಬೇಗ ತಣಿಯುತ್ತದೆ. ಇದು ಪುಸ್ತಕದ ಮಾತು. ಪರೀಕ್ಷೆ ಗಿರೀಕ್ಷೆ ಬೇಡ, ಇದನ್ನೇ ಕೂರಿಸು."

ರವೂಫನ ಕೈಯಲ್ಲಿ ನೀರು ತುಂಬಿದ ಚೆಂಬು ಇತ್ತು. ಒಮ್ಮೆ ನನ್ನ ಮುಖ ನೋಡಿ, ಚೆಂಬನ್ನು ಕೆಳಗಿಟ್ಟ. "ನೀವು ಹೇಳಿದ ಮೇಲೆ ಆಯಿತು" ಎಂದ. ರೇಡಿಯೇಟರು ತಂದಿಟ್ಟೊಡನೆ ಕುಶಾಲಪ್ಪ ಬೀಡಿ ತರಲು ಹೋಗಿದ್ದ. ಈ ಮಾತೊಂದೂ ಅವನ ಕಿವಿಗೆ ಬೀಳಲಿಲ್ಲ.

ಮರುದಿನ ಘಾಟಿಯ ಆರನೆಯ ತಿರುವಿನಲ್ಲಿ ಕಾರು ಹೊಗೆಯುಗುಳಿ ನಿಂತಿತು. ಕಾದು ಕಾದು ಎಂಜಿನ್ನಿನ ಮೇಲ್ಭಾಗದ ಹೆಡ್ಡು ಬಿರುಕು ಬಿಟ್ಟಿತ್ತು. ಮದುಮಗ ಕಾಫಿ ಮೂಟೆ ಇಳಿಸಿ ಹಿಂದಿರುಗುತ್ತಿದ್ದ ಲಾರಿ ಹತ್ತಿ ಹೆಣ್ಣಿನ ಊರು ಕೊಟ್ಟಿಗೆಹಾರ ತಲಪುವಾಗ ಮುಹೂರ್ತ ಮೀರಿತ್ತು. ಹೆಣ್ಣಿನ ಕಡೆಯವರು ಮತ್ತೊಂದು ಲಗ್ನ ನೋಡಿ ಸಂಜೆ ಮದುವೆ ಮುಗಿಸಿದರಂತೆ. ಕುಶಾಲಪ್ಪನಿಗಂತೂ ಎರಡು ತಿಂಗಳು ಕಾರಿರಲಿಲ್ಲ. ರೇಡಿಯೇಟರು ಬಿಚ್ಚಿಸಿದಾಗ ಒಳಗಿನ ಅರ್ಧ ನಳಿಗೆಗಳು ಸುಣ್ಣದಂಥ ಕಿಲುಬಿನಿಂದ ಕಟ್ಟಿಹೋಗಿದ್ದವು.

ಕಾರು ನಿಲ್ಲುವ ಜಾಗದ ಎದುರಿನ ಹೋಟೆಲಿನಲ್ಲಿ ಅವನು ಹೇಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದೆ.

"ಹಾಳಾದ ಮಾಲಿಗೆ ಬಣ್ಣ ಬಳಿದು ಕೊಟ್ಟ, ಆ ರವೂಫ್. ಮಾಷ್ಟ್ರು ಎದುರಿಗಿದ್ದರೂ ಅವನಿಗೆ ನಾಚಿಕೆ ಆಗ್ಲಿಲ್ಲ. ಅಲ್ವಾ ಮಾಷ್ಟ್ರೇ?"

ಹೋಟೆಲಿನಲ್ಲಿದ್ದ ಹತ್ತು ಮಂದಿಯೂ ನನ್ನತ್ತ ತಿರುಗಿದರು. ನಾನು ಚಹಾದ ಲೋಟವನ್ನು ಬಾಯಿಗಿಟ್ಟೆ. ಅಷ್ಟೇ ನಾನು ಮಾಡಿದ್ದು. ಅದನ್ನು ಅವರು ಹೌದೆಂದು ತಿಳಿದರು.

ಬೆಳ್ತಂಗಡಿಯ ಚಾಲಕರು ರವೂಫನ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಮಾತು ಬಂಟ್ವಾಳಕ್ಕೂ ಹಬ್ಬಿತು. ವರ್ಷ ಕಳೆಯುವಷ್ಟರಲ್ಲಿ ಅವನು ಮನೆಮನೆಯ ಕೊಡಪಾನ, ಹಂಡೆಗಳಿಗೆ ಬೆಸುಗೆ ಹಾಕಿ ಜೀವನ ನಡೆಸುತ್ತಿದ್ದಾನೆಂದು ಕೇಳಿದೆ. 1984ರಲ್ಲಿ ಅವನು ಅಂಗಡಿಯನ್ನು ಬಿಟ್ಟುಕೊಟ್ಟು ಮೂಡುಬಿದಿರೆಗೆ ಹೋದ. ಆ ಕಡೆಗೆ ಹೋಗುವ ಬಸ್ಸು ಪಾಣೆಮಂಗಳೂರು ಸೇತುವೆಯನ್ನು ದಾಟುವಾಗ ನಾನು ಪೇಟೆಯ ಕಡೆಗೆ ಮುಖ ಮಾಡುತ್ತಿರಲಿಲ್ಲ.

ನಿವೃತ್ತನಾದ ವರ್ಷ, 1987ರಲ್ಲಿ, ಕುಶಾಲಪ್ಪನನ್ನು ಮನೆಯ ಜಗಲಿಗೆ ಕರೆದು ಎಲ್ಲವನ್ನೂ ಹೇಳಿದೆ.

"ಆರು ವರ್ಷ ಬೇಕಾಯ್ತಾ ಮಾಷ್ಟ್ರೇ, ಇಷ್ಟು ಹೇಳ್ಲಿಕ್ಕೆ?" ಎಂದು ಕೇಳಿ ಎದ್ದು ಹೋದ. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಮರುದಿನವೇ ಮೂಡುಬಿದಿರೆಗೆ ಹೋಗಿ ರವೂಫನ ಕೈ ಹಿಡಿದು ತಪ್ಪಾಯಿತೆಂದು ಹೇಳಿ ಬಂದನಂತೆ. ಕಾರು ನಿಲ್ಲುವಲ್ಲಿಯೂ ನನ್ನ ಹೆಸರು ಹಿಡಿದೇ ನಡೆದದ್ದನ್ನು ಹೇಳಿದ. ಹೇಳಬೇಕಾದ್ದೇ.

ಒಂದು ವಾರದ ಬಳಿಕ ನಾನೂ ಹೋದೆ. ಮೂಡುಬಿದಿರೆಯಿಂದ ಪುತ್ತಿಗೆಗೆ ಹೋಗುವ ದಾರಿಯಲ್ಲಿ ತಗಡಿನ ಮಾಡಿನ ಸಣ್ಣ ಅಂಗಡಿ. ಎದುರಿಗೆ ಅಂಥದ್ದೇ ತೊಟ್ಟಿ. ರವೂಫ್ ಕೈ ಒರೆಸಿಕೊಂಡು ಸ್ಟೂಲು ಎಳೆದು ಕೊಟ್ಟ, ಚಹಾ ತರಿಸಿದ.

"ನಾನೇ ಆರಿಸಿದ್ದೆಂದು ನೀನು ಯಾಕೆ ಯಾರಿಗೂ ಹೇಳಲಿಲ್ಲ?" ಎಂದು ಕೇಳಿದೆ.

"ಆರಿಸಿದ್ದು ನೀವಾದ್ರೂ ಕೊಟ್ಟದ್ದು ನನ್ನ ಕೈ ಅಲ್ವಾ ಮಾಷ್ಟ್ರೇ. ನೀರು ಹೊಯ್ಯದೆ ಕೊಟ್ಟದ್ದು ನನ್ನ ತಪ್ಪು." ಲೋಟವನ್ನು ನನ್ನತ್ತ ಸರಿಸಿ ಮುಂದುವರಿಸಿದ: "ಉಮ್ಮನ ಹತ್ತಿರ ಮಾತ್ರ ಹೇಳಿದ್ದೆ."

"ಅವ್ವಮ್ಮ ಏನೆಂದರು?"

"ನಂಬಲಿಲ್ಲ. ಮೋಸ ಮಾಡಿದ್ದು ಸಾಲದೂಂತ ಕಲಿಸಿದವರ ಮೇಲೆ ಹಾಕ್ತೀಯಾ ಅಂದ್ರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ."

"ಈಗ ಅವರೆಲ್ಲಿ? ನಾನೇ ಹೇಳುತ್ತೇನೆ."

ರವೂಫ್ ನನ್ನ ಲೋಟದತ್ತ ನೋಡಿದ. "ಚಹಾ ತಣ್ಣಗಾಗ್ತದೆ, ಕುಡಿಯಿರಿ. ಉಮ್ಮ ಹೋಗಿ ಎರಡು ವರ್ಷ ಆಯ್ತು."

ಅಷ್ಟರಲ್ಲಿ ಯಾರೋ ಜೀಪಿನವರು ಬಂದರು. ರವೂಫ್ ಎದ್ದು ಎರಡು ರೇಡಿಯೇಟರುಗಳನ್ನು ಹೊರಗೆ ತಂದಿಟ್ಟು, ಚೆಂಬಿನಲ್ಲಿ ನೀರು ತುಂಬಿದ. ಬಂದವರು ಅವಸರದಲ್ಲಿದ್ದರು. ಇದೇ ಸಾಕು, ಕೊಟ್ಟುಬಿಡಿ ಎಂದರು. ಅವನು ನನ್ನತ್ತ ನೋಡದೆ, ಮೆಲುದನಿಯಲ್ಲಿಯೇ, ಆಗುವುದಿಲ್ಲ ಎಂದ. ಆಮೇಲೆ ನೀರು ಹೊಯ್ಯತೊಡಗಿದ.