ಹಳೆಯ ಉತ್ತರ ಚೆಲ್ಲುವುದು

ನೀರಲ್ಲಿ ಕಾಲು ನೆನೆಸಿಕೊಂಡು ನಿಂತಿದ್ದ ಹೆಂಡತಿಯೊಂದಿಗೆ, ನೀರು ಬಂದೇ ಇಲ್ಲವೆಂದು ನಾನು ಫೋನಿನಲ್ಲಿ ವಾದಿಸಿದ್ದೇನೆ. ನಗಬೇಡಿ. ನಾನಿದ್ದದ್ದು ಹುಮನಾಬಾದಿನ ಕಚೇರಿಯಲ್ಲಿ, ಅವಳಿದ್ದದ್ದು ಬಸವಕಲ್ಯಾಣದ ನಮ್ಮ ಅಂಗಳದಲ್ಲಿ, ನಳದ ಮುಂದೆ. ನನ್ನ ಕಡೆಗಿದ್ದ ಸಾಕ್ಷಿ ಒಂದೇ: ಯಾವ ಓಣಿಗೆ ಯಾವಾಗ ನೀರು ಎಂದು ತಿಳಿಸಲು ನಾನೇ ಜಾವಾದಲ್ಲಿ ಬರೆದ ವೆಬ್ ಪುಟ. ಅದು 'ನಾಳೆ' ಎನ್ನುತ್ತಿತ್ತು.

"ಕೊಡ ತುಂಬಾಕತ್ತೇನ್ರಿ ನಾ. ನಿಮ್ಮ ಮೊಬೈಲಿಗಿ ಹೇಳ್ರಿ, ಜರಾ ಇಲ್ಲಿ ಬಂದು ನೋಡ್ಲಿ," ಎಂದಳು.

ನಸುಕಿನಲ್ಲಿ ಊರೆಲ್ಲ ಒಟ್ಟಿಗೆ ಪುಟ ತೆರೆದರೆ ಡೇಟಾಬೇಸ್ ಏದುಸಿರು ಬಿಡುತ್ತಿತ್ತು. ಅದಕ್ಕೆ ಕ್ಯಾಶ್ ಹಾಕಿದ್ದೆ: ಒಮ್ಮೆ ತಂದ ಉತ್ತರವನ್ನು ಹತ್ತಿರವೇ ಇಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಕೊಡುವ ಏರ್ಪಾಡು. ಜಾವಾದಲ್ಲಿ ಉತ್ತರ ತರುವ ಫಂಕ್ಷನ್ನಿನ ನೆತ್ತಿಯ ಮೇಲೆ ಒಂದು ಸಾಲು ಬರೆದರೆ ಮುಗಿಯಿತು. ಪುಟ ಕುದುರೆಯಂತೆ ಓಡತೊಡಗಿತು. ಆದರೆ ನೀರು ಬಿಡುವವನು ಸರದಿ ಬದಲಿಸಿ ದಾಖಲಿಸಿದರೂ, ಅದು ಸಂಜೆಯವರೆಗೆ ಬೆಳಗಿನ ಉತ್ತರವನ್ನೇ ಹೇಳುತ್ತಿತ್ತು.

ನನ್ನ ಮಾನ ಹೋದದ್ದು ಸಣ್ಣ ಮಾತು. ಪಕ್ಕದ ಮನೆಯ ಶಾಹೀನ್ ಆಪಾ ಆ ಪುಟವನ್ನೇ ನಂಬಿ, ಮನೆಗೆ ಬೀಗ ಹಾಕಿ, ಮಗಳ ನಿಕಾಹದ ಬಟ್ಟೆಗೆಂದು ಹುಮನಾಬಾದಿಗೆ ಬಂದಿದ್ದರು. ತಿರುಗಿ ಹೋಗುವಷ್ಟರಲ್ಲಿ ನಳ ಒಣಗಿತ್ತು. ಮುಂದಿನ ಸರದಿ ನಿಕಾಹದ ಮುಂಜಾನೆಯೇ. ಆಪಾ ಬೈದರೆಂದು ನನ್ನ ನೆನಪು. ಬೈದದ್ದು ತಾನು, ಆಪಾ ಬರೀ ನಕ್ಕರು ಎಂದು ಹೆಂಡತಿಯ ವಾದ. ನನ್ನ ತಲೆಯೂ ಇಟ್ಟ ಉತ್ತರವನ್ನೇ ಕೊಡುತ್ತದೆ, ಮೂಲಕ್ಕೆ ಹೋಗಿ ಕೇಳುವುದಿಲ್ಲ. ಆಪಾ ಆಡಿದ ಒಂದು ಮಾತು ಮಾತ್ರ ನಮ್ಮಿಬ್ಬರಿಗೂ ಒಪ್ಪಿಗೆ: "ಮುಂದಿನ ಸಲ ಆದ್ರೂ ಖರೇ ಹೇಳ್ತದೇನ್ರಿ ಭಾಯಿ ಅದು? ಮನಿ ತುಂಬ ಮಂದಿ ಇರ್ತಾರ."

ಕ್ಯಾಶನ್ನೇ ಕಿತ್ತುಹಾಕು ಎಂದ ಗೆಳೆಯನ ಮಾತು ನಾನು ಕೇಳಲಿಲ್ಲ. ಕೊಡ ಒಡೆದರೆ ನೀರು ತಾಜಾ ಆಗುವುದಿಲ್ಲ. ನಳ ಬಂದ ಕೂಡಲೇ ನಮ್ಮ ಓಣಿಯ ಹೆಂಗಸರು ಉಳಿದ ನೀರನ್ನು ಗಿಡಕ್ಕೆ ಸುರಿದು, ಕೊಡ ತಿಕ್ಕಿ, ಆಮೇಲೆ ತುಂಬುತ್ತಾರೆ. ಹಳತರ ಮೇಲೆ ಹೊಸತು ಹಿಡಿಯುವವಳಿಗೆ ಇಲ್ಲಿ ಮರ್ಯಾದೆಯಿಲ್ಲ. ನಾನೂ ಇನ್ನೊಂದು ಸಾಲು ಬರೆದೆ: ಸರದಿ ಬದಲಾದ ಕ್ಷಣವೇ ಇಟ್ಟ ಉತ್ತರ ಚೆಲ್ಲಬೇಕು. ಅದು ಚೆಲ್ಲುವುದನ್ನು ಕಣ್ಣಾರೆ ಕಾಣುವವರೆಗೆ ಕುರ್ಚಿ ಬಿಡುವುದಿಲ್ಲವೆಂದು ಕೂತೆ. ಬಿಡಲಿಲ್ಲ.

ನಿಕಾಹದ ಮುಂಜಾನೆ ನಾನು ಮನೆಯಲ್ಲೇ ಇದ್ದೆ; ಪುಟ 'ಈಗ ಬಂದಿದೆ' ಎಂದಿತು. ಆಪಾ ಮೊಬೈಲ್ ನೋಡಿದರು, ಆಮೇಲೆ ಗೋಡೆಯ ಆಚೆಯಿಂದ ನನ್ನನ್ನು ನೋಡಿದರು. ಬರೆದ ಸಾಲಿನ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ಆದರೂ ಅಂಗಳಕ್ಕಿಳಿದು ನಳದ ಕೆಳಗೆ ಕೈ ಹಿಡಿದೆ. ಒದ್ದೆ ಕೈಯನ್ನು ಎತ್ತಿ ತೋರಿಸಿದ ಮೇಲೆಯೇ ಅವರ ಮನೆಯಲ್ಲಿ ಹಂಡೆಗಳ ಸದ್ದು ಶುರುವಾದದ್ದು.