ಬದುಕಿದ್ದವಳ ಹೆಸರು ಕೂಗಿದ ಸಂಜೆ

ಬದುಕಿದ್ದ ಗೆಳತಿಯನ್ನು ಸತ್ತಳೆಂದು ಹೇಳಿದವಳು ನಾನು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ — ನಾನು ಬರೆದದ್ದು ಒಂದು, ಓದಿದವರು ತಿಳಿದುಕೊಂಡದ್ದು ಇನ್ನೊಂದು, ತಿದ್ದಬೇಕಾದ ಹೊತ್ತಿನಲ್ಲಿ ನಾನು ಸುಮ್ಮನಿದ್ದೆ, ಅಷ್ಟೇ — ಎಂದು ಇಷ್ಟು ವರ್ಷ ನನಗೆ ನಾನೇ ಬಿಡಿಸಿ ಹೇಳಿಕೊಂಡೆ. ಹೀಗೆ ಬಿಡಿಸುವುದೂ ಜಾರಿಕೊಳ್ಳುವ ಒಂದು ದಾರಿಯೇ. ಮೊದಲ ಮಾತೇ ಸರಿ.

ಮಂಜುಳಾ ಮತ್ತು ನಾನು ಹೊನ್ನಾಳಿಯಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ಚನ್ನಗಿರಿಯ ಬಟ್ಟೆ ಅಂಗಡಿಯವರ ಮಗಳು. ಅವಳು ಜಗಳೂರು ಕಡೆಯ ಬಿಳಿಚೋಡಿನವಳು, ಮನೆತುಂಬ ಕುರಿ. ಅವಳ ಅಜ್ಜ ಡೊಳ್ಳು ಬಾರಿಸುವುದರಲ್ಲಿ ಸುತ್ತಲಿಗೆಲ್ಲ ಹೆಸರಾಗಿದ್ದರಂತೆ. ಆದರೆ ಆ ಮನೆಯಲ್ಲಿ ಹೆಣ್ಣುಮಕ್ಕಳು ಡೊಳ್ಳು ಮುಟ್ಟುವಂತಿರಲಿಲ್ಲ.

ಒಂದು ಭಾನುವಾರ ನನ್ನ ಮೊಬೈಲಿನಲ್ಲಿ ಹೊರದೇಶದ ಒಂದು ರಾಕ್ ಬ್ಯಾಂಡಿನ ವಿಡಿಯೊ ಓಡುತ್ತಿತ್ತು. ಹಾಡುವವರು ಮೂವರು ಗಂಡಸರು, ಹಿಂದೆ ಕುಳಿತು ಡ್ರಮ್ ಬಾರಿಸುವವಳು ಒಬ್ಬ ಹೆಂಗಸು. ಬಟ್ಟೆ ಒಗೆದು ಬಂದ ಮಂಜುಳಾ ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡಳು.

"ಏ, ಇವ್ಳು ನೋಡೇ ಶೈಲಾ, ಹೆಂಗ್ ಬಡೀತಾಳೆ! ಇವ್ಳಿಗೆ ಯಾರೂ ಬ್ಯಾಡ ಅನ್ನಾಕಿಲ್ವಾ?"

ಅಂದಿನಿಂದ ನಮ್ಮ ಕೋಣೆಯ ಟ್ರಂಕಿನ ಮುಚ್ಚಳಕ್ಕೆ ನೆಮ್ಮದಿ ಇರಲಿಲ್ಲ. ಮೆಸ್ಸಿನಿಂದ ಎರಡು ಸೌಟು ತಂದು, ಆ ಹೆಂಗಸಿನ ಪೆಟ್ಟಿಗೆ ಪೆಟ್ಟು ಕೂಡಿಸಿ ಬಾರಿಸುತ್ತಿದ್ದಳು. ಹಾಡಿನ ಮಾತು ಅರ್ಥ ಮಾಡಿ ಹೇಳುವುದು ನನ್ನ ಕೆಲಸ. ಆ ಬ್ಯಾಂಡಿನ ಅಭಿಮಾನಿಗಳದೊಂದು ಗುಂಪು ಇಂಟರ್ನೆಟ್ಟಿನಲ್ಲಿತ್ತು, ನಾನು ಸೇರಿಕೊಂಡೆ. ಮಂಜುಳಾ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುವಳು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವೆ. ಪೋಲೆಂಡಿನ ಒಂದು ಬೇಕರಿಯಲ್ಲಿ ಕೆಲಸ ಮಾಡುವ ಮಾರ್ತಾ, ಚಿಲಿ ದೇಶದಲ್ಲಿ ಆಂಬುಲೆನ್ಸ್ ಓಡಿಸುವ ದಿಯೇಗೊ — ಇವರಿಬ್ಬರು ನಮಗೆ ತೀರ ಹತ್ತಿರದವರಾದರು. ಮಂಜುಳಾ ಟ್ರಂಕು ಬಾರಿಸುವ ವಿಡಿಯೊ ಹಾಕಿದ ದಿನ ಗುಂಪಿನವರೆಲ್ಲ ಹುಚ್ಚೆದ್ದುಹೋದರು. ಅವರಿಗೆಲ್ಲ ಅವಳು "ಮಂಜು". ನಾನು — ಮಂಜುವಿನ ಗೆಳತಿ.

ಇದನ್ನು ಬರೆಯುವುದು ಕಷ್ಟ. ಆದರೂ ಬರೆಯಬೇಕು. ನನಗೆ ಅಂದೇ ಎಲ್ಲೋ ಒಂದು ಮುಳ್ಳು —

ಬ್ಯಾಂಡು ಎಂದಾದರೂ ಭಾರತಕ್ಕೆ ಬಂದರೆ ಎಲ್ಲರೂ ಒಟ್ಟಿಗೆ ವೇದಿಕೆಯ ಮುಂದಿನ ಕಂಬಿ ಹಿಡಿದು ನಿಲ್ಲಬೇಕು ಎಂದು ಮಾತಾಗಿತ್ತು. ಬಂದೇ ಬಂದರು, ಬೆಂಗಳೂರಿಗೆ. ಅಷ್ಟರಲ್ಲಿ ಮಂಜುಳಾಗೆ ಮದುವೆಯಾಗಿ ನ್ಯಾಮತಿ ತಾಲ್ಲೂಕಿನ ಗೋವಿನಕೋವಿ ಸೇರಿದ್ದಳು, ಕಂಕುಳಲ್ಲೊಂದು ಕೂಸು. ನಾನು ಚನ್ನಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ಸುದ್ದಿ ಕೇಳಿದ ಕೂಡಲೇ ಅವಳಿಗೆ ಫೋನು ಮಾಡಿದೆ.

"ಬರಾಕಾಗಲ್ಲ ಕಣೆ," ಅಂದಳು. "ಕೂಸಿಗೆ ಹಲ್ಲು ಬರ್ತಾ ಐತೆ, ಜ್ವರ. ಮನ್ಯಾಗೆ ಹೆಂಗ್ ಕೇಳ್ಲಿ? ನೀನು ಹೋಗಿ ನೋಡ್ಕಂಡು ಬಾ. ನಂಗೆಲ್ಲ ಬಿಡಿಸಿ ಹೇಳೀವಂತೆ."

ಅಳಲಿಲ್ಲ, ಕೊರಗಲಿಲ್ಲ. ನಗುತ್ತಲೇ ಹೇಳಿದಳು. ಆ ನಗು ನನಗೆ ತಡೆಯಲಾಗಲಿಲ್ಲ. ಇಷ್ಟು ಸುಲಭವಾಗಿ ಬಿಟ್ಟುಕೊಟ್ಟಳಲ್ಲ ಎಂದು ಮೈ ಉರಿದು, ಗುಂಪಿನಲ್ಲಿ ಬರೆದೆ: "ವಿ ಲಾಸ್ಟ್ ಮಂಜು." ಮಂಜುವನ್ನು ಕಳೆದುಕೊಂಡೆವು. ಸಂಸಾರಕ್ಕೆ ಬಿದ್ದು ನಮ್ಮ ಕೈತಪ್ಪಿದಳು ಅನ್ನುವ ಸಿಟ್ಟು ಅದು. ಇಂಗ್ಲಿಷ್ ಟೀಚರ್ ನಾನು. ಆ ವಾಕ್ಯ ಇನ್ನೊಂದು ಅರ್ಥ ಕೊಡುತ್ತದೆಂದು ನನಗೆ ತಿಳಿಯದೇ ಇತ್ತೇ? ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ.

ಮಾರ್ತಾ ಮೊದಲು ಬರೆದಳು — "ಅಯ್ಯೋ ದೇವರೇ, ಯಾವಾಗ? ಹೇಗೆ?" ಆಮೇಲೆ ಒಬ್ಬರ ಹಿಂದೆ ಒಬ್ಬರು. ಹೆಸರೇ ಕೇಳದವರೂ ಸಂತಾಪ ಹೇಳಿದರು. ಕೆಲಸದ ಮೇಲಿದ್ದ ದಿಯೇಗೊ ಆಂಬುಲೆನ್ಸನ್ನು ರಸ್ತೆ ಪಕ್ಕ ನಿಲ್ಲಿಸಿ ಅಳುತ್ತಿದ್ದೇನೆ ಎಂದು ಬರೆದ. ನಾನು ತಿದ್ದುವ ಮಾತು ಟೈಪ್ ಮಾಡಿದೆ. "ಹಾಗಲ್ಲ, ಅವಳು" — ಅಷ್ಟರವರೆಗೆ. ಆಗಲೇ ಮಾರ್ತಾಳ ಇನ್ನೊಂದು ಸಾಲು ಬಂತು: "ಶೈಲಾ, ನೀನು ಹೇಗಿದ್ದೀಯ? ನಿನ್ನನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಟೈಪ್ ಮಾಡಿದ್ದನ್ನು ಅಳಿಸಿದೆ.

ಅವರು ಒಂದು ಫೋಟೊ ಕೇಳಿದರು, ಹುಡುಕಿ ಕಳಿಸಿದೆ. ಹಾಸ್ಟೆಲಿನ ತಾರಸಿಯ ಮೇಲೆ ಎರಡೂ ಸೌಟು ಮೇಲೆತ್ತಿ ಬಾಯಿತುಂಬ ನಗುತ್ತಿರುವ ಮಂಜುಳಾ. ಸುಮ್ಮನಿದ್ದುದಷ್ಟೇ ಅಲ್ಲ ಅನ್ನುವುದಕ್ಕೆ ಈ ಫೋಟೊ ಸಾಕು. ಅದನ್ನು ಆರಿಸಿದ್ದು ನನ್ನ ಕೈ.

ಬೆಂಗಳೂರಿನ ಆ ಮೈದಾನದ ಗೇಟಿನಲ್ಲಿ ಮಾರ್ತಾ ನನ್ನನ್ನು ನೋಡಿದವಳೇ ಓಡಿಬಂದು ತಬ್ಬಿಕೊಂಡಳು. ಮೈಯಿಂದ ವೆನಿಲಾದ ವಾಸನೆ ಬರುತ್ತಿತ್ತು. ದಿಯೇಗೊ ಎರಡು ವಿಮಾನ ಬದಲಾಯಿಸಿ ಬಂದಿದ್ದ. ಇನ್ನೂ ಯಾರು ಯಾರೋ — ಮಲೇಷ್ಯಾದವರು, ಜರ್ಮನಿಯವರು — ಒಬ್ಬೊಬ್ಬರೂ ನನ್ನ ಕೈ ಹಿಡಿದುಕೊಂಡರು. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಸಾಲು ನಿಂತವರು ಕೂಡ ದಾರಿ ಬಿಟ್ಟು ನನ್ನನ್ನು ಕಂಬಿಯವರೆಗೆ ಕಳಿಸಿದರು. ಮಾರ್ತಾ ಚೀಲದಿಂದ ಬಟ್ಟೆಯ ಬ್ಯಾನರು ಬಿಚ್ಚಿದಳು. ಸೌಟು ಎತ್ತಿದ ಮಂಜುಳಾ, ಕೆಳಗೆ ಇಂಗ್ಲಿಷಿನಲ್ಲಿ — ಶಾಂತಿಯಿಂದ ಮಲಗು, ಮಂಜು.

ಹಾಡುಗಳ ಬಗ್ಗೆ ಏನು ಹೇಳಲಿ. ಎದೆಯ ಗೂಡೇ ನಡುಗುವಂಥ ಸದ್ದು. ಅಷ್ಟು ವರ್ಷ ಕಿವಿಗೆ ತುರುಕಿಕೊಂಡದ್ದು ಎದುರಿಗೆ ನಿಂತಿತ್ತು. ಆದರೂ ನನ್ನ ಕಣ್ಣು ಮತ್ತೆ ಮತ್ತೆ ಬ್ಯಾನರಿಗೆ ಹೋಗುತ್ತಿತ್ತು. ಗುಂಪಿನವರು ಮೊದಲೇ ಬ್ಯಾಂಡಿನವರಿಗೆ ತಿಳಿಸಿದ್ದರೋ ಏನೋ, ಒಂದು ಹಾಡು ಮುಗಿದದ್ದೇ ಡ್ರಮ್ಮಿನ ಹೆಂಗಸು ಎದ್ದು ನಿಂತಳು. ನಮ್ಮ ಕಡೆ ಕೋಲು ತೋರಿಸಿ, ಮೈಕಿನ ಹತ್ತಿರ ಬಾಗಿ ಒಂದೇ ಮಾತು ಹೇಳಿದಳು.

"ಮಂಜು."

ಮೈದಾನ ಅದನ್ನೇ ಹಿಡಿಯಿತು. ಮಂಜು, ಮಂಜು — ಯಾವ ಮಂಜು ಎಂದು ತಿಳಿಯದ ಸಾವಿರಾರು ಜನ. ಮಾರ್ತಾ ನನ್ನ ಹೆಗಲಿಗೊರಗಿ ಬಿಕ್ಕುತ್ತಿದ್ದಳು. ನಾನೂ ಕೂಗಿದೆ. ಎಲ್ಲರಿಗಿಂತ ಜೋರಾಗಿ ಕೂಗಿದೆ. ಗಂಟಲು ಹರಿಯುವಂತೆ ಕೂಗುತ್ತಾ ಆ ಒಂದು ಗಳಿಗೆ — ಹೇಳಿಯೇಬಿಡುತ್ತೇನೆ — ಅವಳು ಸತ್ತೇ ಹೋಗಿದ್ದಾಳೆಂದು ನಾನೇ ನಂಬಿದೆ, ನನಗೆ ಸುಖವಾಯಿತು.

ದಿಯೇಗೊ ಅದನ್ನೆಲ್ಲ ವಿಡಿಯೊ ಮಾಡಿ ಹಾಕಿದ. ಯಾರೋ ಕನ್ನಡದವರು ಅದರಿಂದ ಫೋಟೊ ಕತ್ತರಿಸಿ, ಹೂವಿನ ಚೌಕಟ್ಟು ಕೂಡಿಸಿ, "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಬರೆದರು. ಮೊಬೈಲಿನಿಂದ ಮೊಬೈಲಿಗೆ ದಾಟುತ್ತಾ ಅದು ಬಿಳಿಚೋಡಿಗೆ ಹೋಯಿತು. ಕುರಿ ಹಟ್ಟಿಯಲ್ಲಿದ್ದ ಮಂಜುಳಾಳ ತಾಯಿ ತಿಪ್ಪಮ್ಮನಿಗೆ ಪಕ್ಕದ ಮನೆಯವರು ಅದನ್ನು ತೋರಿಸಿದರು.

ಮಗಳಿಗೆ ಫೋನು ಮಾಡಿದರೆ ಅದು ಸ್ವಿಚ್ ಆಫ್. ಮಗಳ ಊರಿನಲ್ಲಿ ಕರೆಂಟಿರಲಿಲ್ಲ, ಅವಳದೂ ಅಳಿಯನದೂ ಚಾರ್ಜು ಮುಗಿದಿತ್ತು. ತಿಪ್ಪಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು. ದಾವಣಗೆರೆ, ಹೊನ್ನಾಳಿ, ನ್ಯಾಮತಿ — ಬಸ್ಸಿನಿಂದ ಬಸ್ಸಿಗೆ. ಗೋವಿನಕೋವಿಯಲ್ಲಿ ಇಳಿದು ಬೀದಿಯುದ್ದಕ್ಕೂ ಎದೆ ಬಡಿದುಕೊಂಡು ಬಂದರೆ, ಮಂಜುಳಾ ಜಗಲಿಯ ಮೇಲೆ ಕುಳಿತು ಕೂಸಿಗೆ ಅನ್ನ ಉಣಿಸುತ್ತಿದ್ದಳು. ತಾಯಿ ಮಗಳ ಮುಖ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಕೆನ್ನೆಗೊಂದು ಬಿಗಿದು, ಅಲ್ಲೇ ಕುಸಿದು ಬಿದ್ದರು.

ಇಷ್ಟನ್ನೂ ಮಂಜುಳಾಳೇ ನನಗೆ ಹೇಳಿದ್ದು, ಗಂಡ ಹಾಲೇಶನ ಫೋನಿನಿಂದ. ಅತ್ತೆ ಗಾಬರಿಬಿದ್ದು ಶಾಂತಿ ಮಾಡಿಸಿದ್ದರು. "ಬದುಕಿರೋಳಿಗೆ ತಿಥಿ ಮಾಡ್ಯಾರಲ್ಲ, ನಮ್ಮನೆ ಸೊಸೆ ಫೋಟೊ ಪರದೇಶದೋರ ಕೈಯಾಗೆ ಹೆಂಗ್ ಹೋತು" ಎಂದು ಅವರದು ಒಂದೇ ರಂಪ. ಹಾಲೇಶ ಕೆಟ್ಟವನಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ಹೆಂಡತಿಯ ಫೋನನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ. ಅದರಲ್ಲೇ ಅವಳ ಹಾಡುಗಳೆಲ್ಲ ಇದ್ದದ್ದು.

"ಶೈಲಾ, ಆ ಫೋಟೊ ನಿನ್ನ ಹತ್ರ ಅಷ್ಟೇ ಇತ್ತಲ್ಲೇ. ಯಾರು ಹಿಂಗ್ ಮಾಡಿದ್ದು? ನಿಂಗೇನಾದ್ರೂ ಗೊತ್ತೈತಾ?"

"ಗೊತ್ತಿಲ್ಲ ಕಣೆ," ಅಂದೆ. "ನನ್ನ ಅಕೌಂಟು ಯಾರೋ ಹ್ಯಾಕ್ ಮಾಡ್ಯಾರೆ."

"ಅಯ್ಯೋ, ನಿಂಗೂ ಹಿಂಗಾತಾ? ಹುಷಾರು ಕಣೆ," ಅಂದಳು.

ನನ್ನನ್ನೇ ಸಮಾಧಾನ ಮಾಡಿದಳು.

ಆಮೇಲೆ ಅವಳಿಗೆ ಫೋನು ಮಾಡುವುದನ್ನು ನಾನು ಕಡಿಮೆ ಮಾಡಿದೆ, ಆಮೇಲೆ ಬಿಟ್ಟೆ. ಗುಂಪಿನವರು ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ಆ ದಿನ ಬಂದರೆ ಯಾವ ಯಾವ ಊರಿನಲ್ಲೋ ಮೇಣದ ಬತ್ತಿ ಹಚ್ಚಿ ನನಗೆ ಚಿತ್ರ ಕಳಿಸುತ್ತಿದ್ದರು. ಒಂದೊಂದಕ್ಕೂ ಧನ್ಯವಾದ ಬರೆದೆ. ಪಾಠದ ನಡುವೆ ಮಾತು ನಿಂತುಹೋಗುತ್ತಿತ್ತು. ನ್ಯಾಮತಿಯ ಬೋರ್ಡಿನ ಬಸ್ಸು ಎದುರಾದರೆ ಮುಖ ತಿರುಗಿಸುತ್ತಿದ್ದೆ. ಇದನ್ನು ಶಿಕ್ಷೆ ಅನ್ನಲಾರೆ. ಶಿಕ್ಷೆ ಅನುಭವಿಸುತ್ತಿದ್ದವಳು ಅಲ್ಲಿದ್ದಳು, ಯಾಕೆಂದು ತಿಳಿಯದೆ.

ಈ ವರ್ಷ ಮಾರ್ತಾ ಬರೆದಳು: "ಮತ್ತೆ ಭಾರತಕ್ಕೆ ಬರುತ್ತಿದ್ದೇನೆ. ಮಂಜುವಿನ ತಾಯಿಯನ್ನು ಒಮ್ಮೆ ನೋಡಬೇಕು. ಕರೆದುಕೊಂಡು ಹೋಗುತ್ತೀಯಾ?" ಇದಾದ ಮೇಲೆಯೇ ಬಾಯಿ ಬಿಟ್ಟೆ ಅನ್ನುವುದನ್ನೂ ಬರೆದಿಡುತ್ತೇನೆ. ತಾನಾಗಿ ಎಚ್ಚೆತ್ತ ಮನಸ್ಸಲ್ಲ ನನ್ನದು, ಸಿಕ್ಕಿಬೀಳುವ ಭಯಕ್ಕೆ ಎದ್ದದ್ದು.

ಗೋವಿನಕೋವಿಗೆ ಹೋದೆ. ಮಂಜುಳಾ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದಳು. ನನ್ನನ್ನು ಕಂಡು ಕೈ ಕೊಡವಿ ನಕ್ಕಳು. ಕೂರುವ ಮೊದಲೇ ಎಲ್ಲ ಹೇಳಿದೆ. ಅವಳು ಜೋಳದ ರಾಶಿಯನ್ನೇ ನೋಡುತ್ತಾ ಕೇಳಿದಳು. ಕೊನೆಗೆ ತಲೆ ಎತ್ತಿದಳು.

"ಆ ಡ್ರಮ್ ಬಾರ್ಸೋಳು ನನ್ನ ಹೆಸ್ರು ಹೇಳಿದ್ಲಾ?"

"ಹೂಂ."

"ಅವ್ಳೇ? ಅವ್ಳ ಬಾಯಾಗೇ?"

"ಹೂಂ ಕಣೆ."

ಅವಳ ಮುಖದ ಮೇಲೆ ಏನೋ ಬಂದು ಹೋಯಿತು. ಅದನ್ನು ನೋಡಲಾರದೆ ತಲೆ ತಗ್ಗಿಸಿದೆ. "ಅದ್ನ ನೋಡಾಕೂ ನನ್ನ ಕೈಯಾಗೆ ಫೋನಿರ್ಲಿಲ್ಲ ನೋಡು," ಅಂದಳು. ಮತ್ತೆ ಜೋಳಕ್ಕೆ ಕೈ ಹಾಕಿದಳು. "ನಂಗೆ ಹೇಳಿದ್ದಾತು. ನಮ್ಮವ್ವಗೂ ನೀನೇ ಹೋಗಿ ಹೇಳು. ನಾನು ಹೇಳಾಕಿಲ್ಲ."

ಆ ಸಂಜೆಯೇ ಗುಂಪಿನಲ್ಲಿ ನಿಜ ಬರೆದೆ. ದಿಯೇಗೊ ಗುಂಪು ಬಿಟ್ಟು ಹೊರಟುಹೋದ. ಮಾರ್ತಾ ಕೇಳಿದ್ದು ಒಂದೇ — "ಅವಳು ಬದುಕಿದ್ದಾಳಾ?" ಬದುಕಿದ್ದಾಳೆ ಎಂದೆ. "ದೇವರೇ, ಬದುಕಿದ್ದಾಳೆ, ಬದುಕಿದ್ದಾಳೆ" ಎಂದು ಎಷ್ಟೋ ಸಲ ಬರೆದಳು. ಮರುದಿನ ಇನ್ನೊಂದು ಸಾಲು ಬಂತು. "ಮಂಜುವನ್ನು ನಾನೇ ಹುಡುಕಿಕೊಂಡು ಹೋಗುತ್ತೇನೆ, ನೀನು ಜೊತೆಗೆ ಬರುವುದು ಬೇಡ."

ಬಿಳಿಚೋಡಿಗೆ ಹೋದದ್ದು ಮೊನ್ನೆ. ತಿಪ್ಪಮ್ಮನಿಗೆ ನನ್ನ ಗುರುತು ಹತ್ತಿತು. "ನನ್ನ ಮಗಳ ಗೆಳತಿ ಬಂದೈತೆ" ಎಂದು ನೆರೆಯವರಿಗೆ ಕೇಳುವಂತೆ ಕೂಗಿ, ಕೈಕಾಲಿಗೆ ನೀರು ಕೊಟ್ಟು, ರೊಟ್ಟಿ ತಟ್ಟಲು ಎದ್ದರು. "ಉಂಡ ಮೇಲೆ ಹೇಳೋ ಮಾತಲ್ಲ, ಕೂತ್ಕೊಳ್ರಿ ಅವ್ವ," ಅಂದೆ. ಕುಳಿತರು. ಹೇಳಿದೆ. ಎಲ್ಲಿಯೂ ನಿಲ್ಲಿಸಲಿಲ್ಲ, ಏನನ್ನೂ ಬಿಡಲಿಲ್ಲ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು.

"ಆವತ್ತು ಬಸ್ಸಿನಾಗೆ," ಅಂದರು, "ಒಬ್ಬಾಕೆ ದಾವಣಗೆರೆಯಿಂದ ಹೊನ್ನಾಳಿತನಕ ನನ್ನ ಕೈ ಹಿಡ್ಕಂಡೇ ಕುಂತಿದ್ಲು. ತಾನು ಇಳಿಯೋ ಊರೂ ಬಿಟ್ಲು. ಯಾರ ಮನೇಳೋ, ಹೆಸ್ರೂ ಕೇಳ್ಲಿಲ್ಲ ನಾನು." ನನ್ನ ಮುಖ ನೋಡಿದರು. "ನೀನು ನನ್ನ ಮಗಳ ಜೊತಿಗೆ ಒಂದೇ ತಾಟಿನಾಗೆ ಉಂಡೋಳು."

ಅಷ್ಟೇ ಅವರು ಹೇಳಿದ್ದು. ಬೈಗುಳ ಬರುತ್ತದೆಂದು ಕಾದೆ, ಬರಲಿಲ್ಲ. ಎದ್ದು ಒಳಗೆ ಹೋದರು. ರೊಟ್ಟಿಗೆ ಒಲೆ ಹಚ್ಚುವ ಸದ್ದು ಕೇಳಲಿಲ್ಲ. ನಾನೂ ಎದ್ದು, ಚಪ್ಪಲಿ ಮೆಟ್ಟಿ, ಬಸ್ಸಿನ ದಾರಿ ಹಿಡಿದೆ.